ತಂಗಳು ಯಾರ ತಟ್ಟೆಗೆ?



ನಮ್ಮೂರು ಕಾಮಸಮುದ್ರ. ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲೂಕಿನ ಒಂದು ಹೋಬಳಿ. ಬೆಂಗಳೂರಿನಿಂದ ಜೋಲಾರಪೇಟೆ ಕಡೆ ಹೋಗುವ ಪ್ಯಾಸೆಂಜರ್ ಗಾಡಿ ಹತ್ತಿದರೆ ಬಂಗಾರಪೇಟೆ ದಾಟಿದ ಮೇಲೆ ನಮ್ಮ ಸಣ್ಣ ಸ್ಟೇಷನ್ನು ಸಿಗುತ್ತದೆ. ಒಂದು ಪಕ್ಕ ಆಂಧ್ರದ ಕುಪ್ಪಂ, ಇನ್ನೊಂದು ಪಕ್ಕ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ, ಬೆನ್ನಿಗೆ ಚಿನ್ನದ ಗಣಿಯ ಊರು ಕೆಜಿಎಫ್. ಹೀಗಾಗಿ ನಮ್ಮ ಕಡೆ ಒಂದೇ ಬೀದಿಯಲ್ಲಿ ಮುದ್ದೆಗೆ ಮೂರು ಹೆಸರು. ನಮ್ಮ ಮನೆಯಲ್ಲಿ ಮುದ್ದೆ, ಪಕ್ಕದ ತೆಲುಗು ಮಾತಿನ ಮನೆಯಲ್ಲಿ ಸಂಗಟಿ, ತಮಿಳು ಮಾತಿನ ಮನೆಯಲ್ಲಿ ಕಳಿ. ರಾತ್ರಿ ಉಳಿದ ಅನ್ನಕ್ಕೂ ಹಾಗೆಯೇ ಮೂರು ಹೆಸರು. ನಾವು ತಂಗಳನ್ನ ಅನ್ನುತ್ತೇವೆ, ತೆಲುಗಿನವರು ಸದ್ದಿ ಅನ್ನುತ್ತಾರೆ, ತಮಿಳಿನವರು ಪಳೆಯ ಸೋರು ಅನ್ನುತ್ತಾರೆ. ಹೆಸರು ಏನೇ ಇರಲಿ, ಅದನ್ನು ಚೆಲ್ಲುವ ಮನೆ ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ ಇರಲಿಲ್ಲ.

ಇವತ್ತು ಆ ವಿಚಾರವನ್ನೇ ಮಾತಾಡಬೇಕು ಅಂತ ಬಂದಿದ್ದೇನೆ. ಇರುವ ದಿನಸಿಯಲ್ಲಿ ತಿಂಗಳು ದೂಡುವುದು ಹೇಗೆ, ಉಳಿದದ್ದನ್ನು ರುಚಿಯಾಗಿ ಉಣ್ಣುವುದು ಹೇಗೆ ಅನ್ನುವುದು. ಇದರ ಜೊತೆಗೇ ಇನ್ನೊಂದು ಮಾತಿದೆ. ಅದನ್ನು ಕೊನೆಗೆ ಹೇಳುತ್ತೇನೆ. ಇಲ್ಲಿ ಮಾತಾಡಲು ಒಪ್ಪಿಕೊಂಡದ್ದೇ ಅದನ್ನು ಹೇಳಲಿಕ್ಕೆ.

ನಮ್ಮದು ಜೀವನದಿ ಇಲ್ಲದ ಜಿಲ್ಲೆ. ಪಾಲಾರ್ ಇದೆ, ಆದರೆ ಅದು ಹೆಚ್ಚು ಕಾಲ ಮರಳಾಗಿಯೇ ಇರುವ ನದಿ. ಕೆರೆ ತುಂಬಿದ ವರ್ಷ ಭತ್ತ, ಇಲ್ಲದಿದ್ದರೆ ಮಳೆ ನಂಬಿದ ರಾಗಿ, ಹುರುಳಿ, ಅವರೆ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಮೈಸೂರು ಸೀಮೆ ಲಕ್ಷಾಂತರ ಜನರನ್ನು ಕಳೆದುಕೊಂಡಿತು. ಆ ನೆನಪು ಇತಿಹಾಸದ ಪುಸ್ತಕಕ್ಕಿಂತ ಮೊದಲು ನಮ್ಮ ಅಡುಗೆಮನೆಗಳಲ್ಲಿ ಉಳಿಯಿತು ಅಂತ ನಾನು ತಿಳಿದಿದ್ದೇನೆ. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿ ವರ್ಷಗಟ್ಟಲೆ ಇಡುತ್ತಿದ್ದರು. ತೆಗೆದ ದಿನ ಯಾರೂ ತಕ್ಷಣ ಒಳಗೆ ಇಳಿಯುತ್ತಿರಲಿಲ್ಲ. ಕಲ್ಲು ಸರಿಸಿ, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಇಳಿದವರು ಬದುಕುವುದಿಲ್ಲ ಎಂದು ಅರ್ಥ. ಆರದೆ ಉರಿದರೆ ಮಾತ್ರ ಇಳಿಯುವುದು. ಹೀಗೆ ಪ್ರಾಣ ಪಣಕ್ಕಿಟ್ಟು ಮೇಲೆ ತಂದ ರಾಗಿಯನ್ನು ಬೀಸಿ ತಿರುವಿದ ಮುದ್ದೆಯಲ್ಲಿ ಅರ್ಧವನ್ನು ಯಾರು ಚೆಲ್ಲುತ್ತಾರೆ? ಈಗ ಹಗೇವುಗಳಿಲ್ಲ. ಆದರೆ ಅಪಾಯ ತಪ್ಪಿಲ್ಲ, ನಮ್ಮ ಹೋಬಳಿಯಲ್ಲಿ ಗಡಿ ಕಾಡಿನಿಂದ ಆನೆ ಹಿಂಡು ಇಳಿಯುತ್ತದೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಸರಿಯಾಗಿ ಬರುತ್ತದೆ. ರಾತ್ರಿಯೆಲ್ಲ ಪಟಾಕಿ, ತಮಟೆ ಹಿಡಿದು ಹೊಲ ಕಾಯುವವರಿದ್ದಾರೆ. ಹಾಗೆ ಕಾಯಲು ಹೋಗಿ ಮನೆಗೆ ವಾಪಸ್ಸು ಬಾರದವರೂ ಇದ್ದಾರೆ. ಒಂದು ಮುದ್ದೆಯ ಬೆಲೆ ಏನು ಅಂತ ನಮ್ಮೂರಿನಲ್ಲಿ ಯಾರನ್ನಾದರೂ ಕೇಳಿದರೆ ರೂಪಾಯಿ ಲೆಕ್ಕದಲ್ಲಿ ಹೇಳುವುದಿಲ್ಲ.

ಈಗ ಅಡುಗೆಗೆ ಬರುತ್ತೇನೆ. ಉಳಿತಾಯದ ಅಡುಗೆ ಅಂದರೆ ಉಳಿದ ಮೇಲೆ ಯೋಚನೆ ಮಾಡುವುದು ಅಂತ ತುಂಬ ಜನ ತಿಳಿದುಕೊಂಡಿದ್ದಾರೆ. ಅದಲ್ಲ. ಒಲೆ ಹಚ್ಚುವ ಮೊದಲೇ ಯೋಚನೆ ಮಾಡಬೇಕು. ಅದಕ್ಕೆ ನಮ್ಮ ಬಸ್ಸಾರಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಬಸಿದ ಸಾರು, ಅದೇ ಬಸ್ಸಾರು. ಹುರುಳಿಯೋ, ಅಲಸಂದೆಯೋ, ತೊಗರಿಬೇಳೆಯೋ, ಕಾಲಕ್ಕೆ ತಕ್ಕ ಹಾಗೆ ಒಂದು ಹಿಡಿ ಕಾಳು. ಅದು ಮುಕ್ಕಾಲು ಬೆಂದ ಮೇಲೆ ಸೊಪ್ಪು. ಸೊಪ್ಪು ಬೆಂದ ಮೇಲೆ ಬಸಿಯುವುದು. ಕೆಳಗೆ ಇಳಿದ ನೀರಿಗೆ ಕಟ್ಟು ಅನ್ನುತ್ತಾರೆ. ಬೇರೆ ಕಡೆ ಈ ನೀರನ್ನು ಮೋರಿಗೆ ಚೆಲ್ಲುವುದನ್ನು ನಾನೇ ಕಂಡಿದ್ದೇನೆ. ಸೊಪ್ಪಿನಲ್ಲಿರುವ, ನೀರಿನಲ್ಲಿ ಕರಗುವ ಜೀವಸತ್ವಗಳಲ್ಲಿ ಒಂದಿಷ್ಟು ಪಾಲು ಆ ಕಟ್ಟಿಗೆ ಇಳಿದಿರುತ್ತದೆ. ಬೆಂದ ಕಾಳು ಸೊಪ್ಪಿನಲ್ಲಿ ಒಂದು ಹಿಡಿ ತೆಗೆದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಸಾರಿನ ಪುಡಿ, ಹುಣಸೆಹಣ್ಣು, ತೆಂಗಿನಕಾಯಿ ಇದ್ದರೆ ಒಂದು ಚೂರು ಸೇರಿಸಿ ರುಬ್ಬಿ, ಕಟ್ಟಿಗೆ ಕದಡಿ ಕುದಿಸಿದರೆ ಸಾರು. ಮಿಕ್ಕ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ, ಒಂದು ಒಲೆ, ಎರಡು ಅಡುಗೆ. ಚೆಲ್ಲಲಿಕ್ಕೆ ಏನೂ ಇಲ್ಲ. ಮಾರನೆಯ ದಿನ ಅದೇ ಸಾರನ್ನು ಕುದಿಸಿದರೆ ಹುಳಿ ಖಾರ ಒಂದಕ್ಕೊಂದು ಹೊಂದಿಕೊಂಡು ಮೊದಲ ದಿನಕ್ಕಿಂತ ರುಚಿಯಾಗಿರುತ್ತದೆ. ನಿನ್ನೆಯ ಬಸ್ಸಾರು ಇದೆ ಅಂದರೆ ಸಾಕು, ನಮ್ಮ ಕಡೆ ಎದ್ದು ಹೊರಟ ನೆಂಟರೂ ಮತ್ತೆ ಕೂರುತ್ತಾರೆ.

ಆ ಸೊಪ್ಪಿಗೂ ದುಡ್ಡು ಕೊಡಬೇಕಾಗಿಲ್ಲ, ಕಣ್ಣಿದ್ದರೆ. ಮಳೆ ಬಿದ್ದ ಹದಿನೈದು ದಿನಕ್ಕೆ ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಕೆರೆ ಅಂಗಳದಲ್ಲಿ ಹೊನಗೊನೆ, ಹಿತ್ತಲಿನಲ್ಲಿ ನುಗ್ಗೆ. ಎಲ್ಲವನ್ನೂ ಮಡಿಲಿಗೆ ಕಿತ್ತು ತಂದರೆ ಬೆರಕೆ ಸೊಪ್ಪು. ಯಾವುದು ಎಷ್ಟು ಹಾಕಬೇಕು ಅನ್ನುವುದು ಕಿತ್ತವರ ಕೈಗೇ ಗೊತ್ತು. ಪೇಟೆಯಲ್ಲಿರುವವರು ಮೂಲಂಗಿ ತಂದರೆ ಅದರ ಸೊಪ್ಪನ್ನು ಅಂಗಡಿಯವನ ಹತ್ತಿರವೇ ಮುರಿಸಿ ಬಿಟ್ಟು ಬರಬೇಡಿ. ಹೀರೆಕಾಯಿ ಸಿಪ್ಪೆಯನ್ನು ಹುರಿದು ಚಟ್ನಿ ಮಾಡಿದರೆ ಹೀರೆಕಾಯಿಗಿಂತ ಚಟ್ನಿಯೇ ಮೊದಲು ಖಾಲಿಯಾಗುತ್ತದೆ.

ಇನ್ನು ಮುದ್ದೆ. ರಾತ್ರಿಯ ಅನ್ನ ಒಂದು ಬಟ್ಟಲು ಉಳಿದಿದೆ ಅಂದುಕೊಳ್ಳಿ. ಮರುದಿನ ಎಸರು ಕುದಿಯುವಾಗ ಆ ಅನ್ನವನ್ನು ಕೈಯಲ್ಲಿ ಬಿಡಿಸಿ ಎಸರಿಗೆ ಹಾಕಿ. ಅಗುಳು ಒಡೆದು ಗಂಜಿಯಂತಾಗುವವರೆಗೆ ಕುದಿಯಲಿ. ಆಮೇಲೆ ಹಿಟ್ಟು ಸುರಿದು, ಕೋಲಿನಿಂದ ನಡುವೆ ಒಂದು ತೂತು ಮಾಡಿ, ಉರಿ ತಗ್ಗಿಸಿ, ಹಬೆಯಲ್ಲಿ ಬೇಯಲು ಬಿಡಿ. ಹಿಟ್ಟಿನ ಬಣ್ಣ ಗಾಢವಾಗಿ, ಗುಳುಗುಳು ಅನ್ನುವ ಸದ್ದು ದಪ್ಪನಾದ ಮೇಲೆ ಪಾತ್ರೆಯನ್ನು ಕಾಲಲ್ಲಿ ಅವುಕಿ ಹಿಡಿದು ತೊಳಸಿ. ಇದೇ ಗಡಿಯಾಚೆಯ ಸಂಗಟಿ. ಅವರು ಇದನ್ನು ಉಳಿದ ಅನ್ನದ ಉಪಾಯ ಅಂತ ಹೇಳುವುದೇ ಇಲ್ಲ, ಸಂಗಟಿ ಮಾಡುವ ರೀತಿಯೇ ಹೀಗೆ ಅನ್ನುತ್ತಾರೆ. ಮುದ್ದೆ ಮೆತ್ತಗಿರುತ್ತದೆ, ಹಲ್ಲಿಲ್ಲದವರಿಗೂ ಗಂಟಲಿಗೆ ಇಳಿಯುತ್ತದೆ. ನಮ್ಮ ಮನೆಯ ಅಳತೆಯಲ್ಲಿ ಒಂದು ಬಟ್ಟಲು ಅನ್ನಕ್ಕೆ ಒಂದು ಮುದ್ದೆಯ ಹಿಟ್ಟು ಉಳಿಯುತ್ತದೆ. ಸೊಸೈಟಿಯಲ್ಲಿ ಸಿಗುವ ಅಕ್ಕಿಯನ್ನೂ ಮನೆಯ ರಾಗಿಯನ್ನೂ ಹೀಗೆ ಜೊತೆ ಮಾಡಿದರೆ ಎರಡೂ ತಿಂಗಳ ಕೊನೆಯವರೆಗೆ ಬರುತ್ತವೆ. 2013ರಲ್ಲಿ ಅನ್ನಭಾಗ್ಯದ ಅಕ್ಕಿ ಬಂದ ಮೇಲೆ ನಮ್ಮ ಕಡೆ ಅನ್ನ ಹೆಚ್ಚಾಯಿತು, ಮುದ್ದೆ ಕಡಿಮೆಯಾಯಿತು. ಅಕ್ಕಿ ಬಂದದ್ದು ಒಳ್ಳೆಯದೇ, ಹಸಿದ ಮನೆಗಳನ್ನು ಅದು ಕಾಪಾಡಿದೆ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಆದ್ದರಿಂದ ಅಕ್ಕಿ ಬಂತು ಅಂತ ರಾಗಿಯನ್ನು ಬಿಡಬೇಡಿ.

ಮುದ್ದೆಯೇ ಉಳಿದರೆ? ಮಡಕೆಯಲ್ಲಿ ಮುಳುಗುವಷ್ಟು ನೀರು ಹಾಕಿ ಮುದ್ದೆಯನ್ನು ಅದರಲ್ಲಿ ಬಿಡುವುದು. ಬೆಳಿಗ್ಗೆ ಅದೇ ನೀರಿನಲ್ಲಿ ಕಿವುಚಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕುಡಿಯುವುದು. ಹಸಿಮೆಣಸಿನಕಾಯಿ ಕಚ್ಚಿಕೊಂಡು ಒಂದು ಚೊಂಬು ಅಂಬಲಿ ಕುಡಿದರೆ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನದವರೆಗೆ ಹೊಟ್ಟೆ ತಣ್ಣಗಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ತಂಗಳು ಬೇರೆ, ಹಳಸಿದ್ದು ಬೇರೆ. ನಮ್ಮ ಭಾಷೆ ಇವೆರಡಕ್ಕೂ ಬೇರೆ ಬೇರೆ ಮಾತು ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ. ಅಕ್ಕಿಯಲ್ಲಿ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಗಳಿರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಬೆಂದ ಅನ್ನ ಉಗುರುಬೆಚ್ಚಗೆ, ಮುಚ್ಚಿದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕೂತರೆ ಅವು ಎದ್ದು ಬೆಳೆದು ವಿಷ ಬಿಡುತ್ತವೆ. ಆಮೇಲೆ ಎಷ್ಟೇ ಬಿಸಿ ಮಾಡಿ, ಆ ವಿಷ ಹೋಗುವುದಿಲ್ಲ. ಅದಕ್ಕೇ ಊಟ ಮುಗಿದ ಕೂಡಲೇ ಉಳಿದ ಅನ್ನವನ್ನು ಅಗಲವಾದ ತಟ್ಟೆಗೆ ಹರಡಿ ಆರಿಸಿ, ಫ್ರಿಜ್ ಇದ್ದವರು ಫ್ರಿಜ್ಜಿಗೆ ಇಡಿ. ಇಲ್ಲದವರು ತಣ್ಣೀರು ಸುರಿದು ಮಡಕೆಯಲ್ಲಿ ಇಡಿ, ಬೆಳಿಗ್ಗೆಯೇ ಮುಗಿಸಿ. ನೀರು ಹಾಕಿದ ಅನ್ನ ರಾತ್ರಿ ಸಣ್ಣಗೆ ಹುಳಿ ಬರುತ್ತದೆ, ಮೊಸರು ಹೆಪ್ಪಾದ ಹಾಗೆ. ಆ ಹುಳಿ ಅನ್ನವನ್ನು ಒಂದಿಷ್ಟು ಕಾಯುತ್ತದೆ. ಆದರೆ ಬೆರಳಲ್ಲಿ ಎತ್ತಿದಾಗ ನೂಲು ಬಂದರೆ, ಮುಗ್ಗಲು ವಾಸನೆ ಬಂದರೆ, ಬಾಯಿಗೆ ಇಡಬೇಡಿ. ಎರಡು ರೂಪಾಯಿ ಉಳಿಸಲು ಹೋಗಿ ಆಸ್ಪತ್ರೆಗೆ ಇನ್ನೂರು ಕೊಡುವ ಕೆಲಸ ಬೇಡ. ಬಿಸಿ ಮಾಡುವುದನ್ನೂ ಒಂದೇ ಸಲ, ಚೆನ್ನಾಗಿ ಕುದಿಯುವ ಹಾಗೆ ಮಾಡಿ. ಬೇಕಾದಷ್ಟನ್ನು ಮಾತ್ರ ತೆಗೆದು ಬಿಸಿ ಮಾಡಿ, ಮಿಕ್ಕದ್ದನ್ನು ಮುಟ್ಟಬೇಡಿ.

ಕೆಜಿಎಫ್ ಕಡೆಯ ಮಾತು ಹೇಳದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷ ಚಿನ್ನ ತೆಗೆದ ಊರಿನ ಕಾರ್ಮಿಕರ ಲೈನ್ ಮನೆಗಳಲ್ಲಿ ತಿಂಗಳ ಸಂಬಳ ನಿಂತಿತು. ಆಮೇಲೆ ಆ ಮನೆಗಳ ಹುಡುಗರು, ಹೆಣ್ಣುಮಕ್ಕಳು ಬೆಂಗಳೂರಿಗೆ ಕೆಲಸಕ್ಕೆ ಹೊರಟರು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ, ಒಂದೊಂದು ಸ್ಟೇಷನ್ನಿನಲ್ಲೂ ಕತ್ತಲಲ್ಲೇ ಜನ ಬೆಂಗಳೂರಿನ ರೈಲು ಹತ್ತುತ್ತಾರೆ. ನಾನೂ ಕೆಲವು ವರ್ಷ ಬಂಗಾರಪೇಟೆಯಿಂದ ಆ ಗಾಡಿಯಲ್ಲಿ ಓಡಾಡಿದ್ದೇನೆ. ವೈಟ್‌ಫೀಲ್ಡ್ ಬರುವ ಮೊದಲೇ ಕೆಲವರ ಡಬ್ಬಿ ತೆರೆಯುತ್ತಿತ್ತು. ಆ ಬೋಗಿಯ ವಾಸನೆಯಿಂದಲೇ ನಾನು ಒಂದು ವಿಷಯ ಕಲಿತೆ. ಬಹುಪಾಲು ಡಬ್ಬಿಗಳಲ್ಲಿ ರಾತ್ರಿಯ ಅನ್ನವೇ ಇರುತ್ತಿತ್ತು, ಆದರೆ ಅದು ರಾತ್ರಿಯ ಅನ್ನದ ಹಾಗೆ ಕಾಣುತ್ತಿರಲಿಲ್ಲ. ಒಬ್ಬರದು ಚಿತ್ರಾನ್ನ, ಒಬ್ಬರದು ಪುಳಿಯೋಗರೆ, ಒಬ್ಬರದು ಮೊಟ್ಟೆ ಒಡೆದು ಹಾಕಿ ಕರಿಮೆಣಸು ಉದುರಿಸಿದ್ದು. ಬಿಸಿ ಅನ್ನದಲ್ಲಿ ಚಿತ್ರಾನ್ನ ಕಲೆಸಿದರೆ ಮುದ್ದೆಯಾಗುತ್ತದೆ, ಆರಿದ ಅನ್ನದ ಅಗುಳು ಬಿಡಿಬಿಡಿಯಾಗಿ ಇರುತ್ತದೆ. ಹಾಗಾಗಿ ಚಿತ್ರಾನ್ನಕ್ಕೆ ತಂಗಳೇ ಸರಿ. ನಿಂಬೆಹುಳಿ ಇರುವುದರಿಂದ ಮಧ್ಯಾಹ್ನದವರೆಗೆ ಕೆಡುವುದೂ ನಿಧಾನ. ಪಕ್ಕದಲ್ಲಿ ಕೂರುತ್ತಿದ್ದ ಊರಿಗಾಂನ ಒಬ್ಬ ಅಕ್ಕ ಹುಳಿ ಹೆಚ್ಚಾದ ದೋಸೆ ಹಿಟ್ಟಿಗೆ ಈರುಳ್ಳಿ, ಹಸಿಮೆಣಸು ಹೆಚ್ಚಿ ಹಾಕಿ ಪಣಿಯಾರಂ ಮಾಡಿ ತರುತ್ತಿದ್ದರು. ನಮ್ಮ ಮನೆಯಲ್ಲಿ ಅದೇ ಪಡ್ಡು, ಬೀದಿಯಾಚೆ ಅದೇ ಗುಂತಪೊಂಗಲು. ಮಿಕ್ಕ ಇಡ್ಲಿಯನ್ನು ಪುಡಿ ಮಾಡಿ ಉಪ್ಪಿಟ್ಟು ಮಾಡುವುದನ್ನು ನಾನು ಕಲಿತದ್ದೂ ಅವರಿಂದಲೇ. ಒಂದು ದಿನ ಅವರು ಡಬ್ಬಿ ಮುಚ್ಚಿಟ್ಟುಕೊಂಡು, "ಮನೇಲಿ ಎಲ್ಲರಿಗೂ ಕಟ್ಟಿದೆ, ನಂಗೆ ಸಾಲಲಿಲ್ಲ, ಪರವಾಗಿಲ್ಲ ಬಿಡಮ್ಮ" ಅಂದರು. ಆ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮತ್ತೆ ಅಲ್ಲಿಗೇ ಬರುತ್ತೇನೆ.

ಕಾಲಕ್ಕೆ ತಕ್ಕ ಹಾಗೆ ಕೂಡಿಡುವುದೂ ಇದೇ ಲೆಕ್ಕಕ್ಕೆ ಸೇರಿದ್ದು. ನಮ್ಮ ಕೋಲಾರದ ಮಂಡಿಯ ಟೊಮೆಟೊ ಕಥೆ ನಿಮಗೆ ಗೊತ್ತೇ ಇದೆ. 2023ರ ಜುಲೈನಲ್ಲಿ 15 ಕಿಲೋ ಬಾಕ್ಸಿಗೆ 2000 ರೂಪಾಯಿ ದಾಟಿತು. ಬೇರೆ ವರ್ಷಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ರೈತರು ರಸ್ತೆ ಪಕ್ಕ ಸುರಿದು ಹೋದದ್ದೂ ಉಂಟು. ಸುರಿಯುವ ಕಾಲದಲ್ಲಿ ನಾಲ್ಕು ಮನೆಯವರು ಸೇರಿ ಒಂದೆರಡು ಬಾಕ್ಸು ಕೊಂಡು, ಉಪ್ಪು, ಹುಣಸೆ, ಖಾರದಪುಡಿ ಹಾಕಿ ನೀರಿನಂಶ ಹೋಗುವವರೆಗೆ ಬೇಯಿಸಿ, ಮೇಲೆ ಎಣ್ಣೆ ನಿಲ್ಲುವ ಹಾಗೆ ತೊಕ್ಕು ಮಾಡಿಟ್ಟುಕೊಂಡರೆ ಬೆಲೆ ಏರಿದ ತಿಂಗಳಲ್ಲಿ ಮಂಡಿಯ ಮುಖ ನೋಡಬೇಕಾಗಿಲ್ಲ. ರೈತನಿಗೂ ಅಷ್ಟು ಕಾಸು ಸಿಗುತ್ತದೆ. ಬೇಸಿಗೆಯಲ್ಲಿ ಉಳಿದ ಅನ್ನಕ್ಕೆ ಜೀರಿಗೆ, ಉಪ್ಪು, ಹಸಿಮೆಣಸು ಅರೆದು ಹಾಕಿ ನಾದಿ, ಹಳೆಯ ಸೀರೆಯ ಮೇಲೆ ಚಿಟಿಕೆ ಚಿಟಿಕೆಯಾಗಿ ಇಟ್ಟು ಒಣಗಿಸಿದರೆ ಸಂಡಿಗೆ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ನಮಗೆ, ಸಿಪ್ಪೆ ಹಸುವಿಗೆ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಎಲ್ಲ ಕಲಗಚ್ಚಿನ ಬಾನಿಗೆ. ಅದೇ ಹಸುವಿನ ಹಾಲು ಬೆಳಿಗ್ಗೆ ಡೈರಿಗೆ. ಕಾಳುಗಳನ್ನು ರಾತ್ರಿಯೇ ನೆನೆ ಹಾಕಿದರೆ ಗ್ಯಾಸ್ ಉಳಿಯುತ್ತದೆ. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಕಡೆ ಹೇಗಿದೆ ನೋಡಿ. ವಿಶ್ವಸಂಸ್ಥೆಯ ಪರಿಸರ ವಿಭಾಗದ ಲೆಕ್ಕದ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ 60 ಪಾಲು ವ್ಯರ್ಥವಾದದ್ದು ಹೋಟೆಲುಗಳಲ್ಲಿ ಅಲ್ಲ, ಅಂಗಡಿಗಳಲ್ಲಿ ಅಲ್ಲ, ಮನೆಗಳಲ್ಲಿ. ಬೆಂಗಳೂರಿನ ಕಲ್ಯಾಣ ಮಂಟಪಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಎಲೆಯಲ್ಲೇ ಉಳಿದು ಹೋಗುತ್ತದೆ ಎಂದು ಅಲ್ಲಿನ ಕೃಷಿ ವಿಶ್ವವಿದ್ಯಾಲಯದವರು 2012ರ ಸುಮಾರಿಗೆ ಲೆಕ್ಕ ಹಾಕಿದ್ದರು. ಮದುವೆಮನೆಯಲ್ಲಿ ಬಡಿಸುವವರು ಕೇಳದೆ ಸುರಿಯುವುದನ್ನು ನಾವು ಪ್ರೀತಿ ಅಂದುಕೊಂಡಿದ್ದೇವೆ. ಎಲೆಯ ಮುಂದೆ ನಿಂತು "ಎಷ್ಟು ಹಾಕಲಿ?" ಅಂತ ಕೇಳುವುದೂ ಪ್ರೀತಿಯೇ.

ಈಗ ನಾನು ಹೇಳಲು ಬಂದ ಮಾತು.

ನಮ್ಮ ಮನೆಯಲ್ಲಿ ತಂಗಳು ಉಣ್ಣುತ್ತಿದ್ದದ್ದು ಅಜ್ಜಿ. ಎಲ್ಲರ ಊಟ ಆದ ಮೇಲೆ, ಅಡುಗೆಮನೆಯ ಹೊಸ್ತಿಲ ಪಕ್ಕ, ಗೋಡೆಗೆ ಒರಗಿ ಕೂತು, ಮುದ್ದೆ ಪಾತ್ರೆಯನ್ನೇ ತೊಡೆಯ ಮೇಲೆ ಇಟ್ಟುಕೊಂಡು, ತಳಕ್ಕೆ ಹತ್ತಿದ ಸೀಕನ್ನು ಚಿಪ್ಪಿನಿಂದ ಕೆರೆಯುತ್ತಿದ್ದಳು. ಕರ್ ಕರ್ ಅನ್ನುವ ಆ ಸದ್ದು ಕೇಳಿದರೆ ಇವತ್ತಿನ ದಿನ ಮುಗಿಯಿತು ಅಂತ ನಮಗೆ ಗೊತ್ತಾಗುತ್ತಿತ್ತು. ನಿನ್ನೆಯ ಮುದ್ದೆ, ನಿನ್ನೆಯ ಸಾರಿನ ತಳ. ಸಾರು ಮುಗಿದಿದ್ದರೆ ಉಪ್ಪು, ಮೆಣಸಿನಕಾಯಿ. "ಅಜ್ಜಿ, ಬಿಸಿ ಮುದ್ದೆ ತಗೋ" ಅಂತ ನಾನು ಕೊಡಲು ಹೋದರೆ, "ನಂಗಿದೇ ಸೇರೋದು ಕಣಮ್ಮ, ನೀನುಣ್ಣು" ಅನ್ನುತ್ತಿದ್ದಳು. ನಾನು ನಂಬಿದೆ. ಅಮ್ಮನೂ ಅದನ್ನೇ ಹೇಳಿದಳು, ಅದನ್ನೂ ನಂಬಿದೆ. ನನಗೆ ಮದುವೆಯಾಗಿ ಎರಡನೇ ಮಗು ಹುಟ್ಟಿದ ಮೇಲೆ ಒಂದು ರಾತ್ರಿ ನಾನೂ ಪಾತ್ರೆ ತೊಡೆಯ ಮೇಲೆ ಇಟ್ಟುಕೊಂಡು ಮಗಳಿಗೆ ಅದೇ ಮಾತು ಹೇಳಿದೆ. ನನ್ನ ಬಾಯಿಂದ ಬಂದ ಮಾತು ನನಗೇ ಕೇಳಿಸಿತು.

ಊರಿಗಾಂನ ಅಕ್ಕ ಡಬ್ಬಿ ಮುಚ್ಚಿಟ್ಟುಕೊಂಡು ಹೇಳಿದ ಮಾತೂ ಇದೇ. ಮನೆಯ ಉಳಿತಾಯ ಅಂತ ನಾವು ಹೊಗಳುವುದರಲ್ಲಿ ಎಷ್ಟು ಪಾಲು ಒಬ್ಬಳ ಹೊಟ್ಟೆಯಿಂದ ಉಳಿಸಿದ್ದು ಅನ್ನುವ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಅದರ ಫಲ ಬರೆದಿಟ್ಟಿದೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂತು. ಅದಕ್ಕೆ ಕಾರಣ ಒಂದೇ ಅಲ್ಲ. ಜಂತುಹುಳು ಇದೆ, ಮೇಲಿಂದ ಮೇಲೆ ಹೆರಿಗೆ ಇದೆ. ಆದರೆ ಪಲ್ಯ ಮುಗಿದ ಮೇಲೆ, ಸಾರಿನ ಕಾಳು ಬೇರೆಯವರ ತಟ್ಟೆಗೆ ಹೋದ ಮೇಲೆ, ನೀರು ಸಾರು ಸುರಿದುಕೊಂಡು ಉಣ್ಣುವುದೂ ಅದರಲ್ಲಿ ಇದೆ. ಉಳಿದದ್ದನ್ನು ಉಣ್ಣುವುದರಲ್ಲಿ ಅವಮಾನವಿಲ್ಲ. ಆದರೆ ಉಳಿದರೆ ಮಾತ್ರ ಉಣ್ಣುವವಳು ಅಂತ ಒಬ್ಬಳನ್ನು ಮನೆಯಲ್ಲಿ ಇಡಬಾರದು.

ನಾವು ಮಾಡಿಕೊಂಡ ಏರ್ಪಾಡು ಹೇಳುತ್ತೇನೆ, ಬೇಕಾದವರು ಮಾಡಿ ನೋಡಿ. ಬಡಿಸುವ ಮೊದಲು ಎಲ್ಲರ ತಟ್ಟೆಯನ್ನೂ ಸಾಲಾಗಿ ಇಡುತ್ತೇವೆ, ಅಡುಗೆ ಮಾಡಿದವರ ತಟ್ಟೆಯೂ ಸೇರಿ. ಪಲ್ಯವನ್ನು ಮೊದಲೇ ಅಷ್ಟಕ್ಕೂ ಹಂಚುತ್ತೇವೆ. ರಾತ್ರಿಯದು ಉಳಿದರೆ ಬೆಳಿಗ್ಗೆ ಅದು ಎಲ್ಲರ ತಿಂಡಿ. ಅಂಬಲಿಯಾದರೆ ಎಲ್ಲರಿಗೂ ಅರ್ಧರ್ಧ ಚೊಂಬು, ಚಿತ್ರಾನ್ನವಾದರೆ ಎಲ್ಲರ ಡಬ್ಬಿಗೂ ಎರಡೆರಡು ಸೌಟು. ಮೊದಮೊದಲು ಮಗ ಮುಖ ಸಿಂಡರಿಸಿದ. ಈಗ ಮಡಕೆಗೆ ನೀರು ಹಾಕಿದ್ದೀಯಾ ಅಂತ ಅವನೇ ರಾತ್ರಿ ಕೇಳುತ್ತಾನೆ. ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡುತ್ತೇವೆ, ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹತ್ತಲು ಆ ಹುಳಿ ಬೇಕು. ಊಟದ ಬೆನ್ನಲ್ಲೇ ಕಾಫಿ ಕುಡಿದರೆ ಆ ಕಬ್ಬಿಣ ಮೈಗೆ ಅಷ್ಟಾಗಿ ಹತ್ತುವುದಿಲ್ಲ, ಅದಕ್ಕೆ ಕಾಫಿ ಒಂದು ಗಂಟೆ ತಡ. ಹೀಗೆ ಮಾಡಿದ ಮೇಲೆ ಖರ್ಚು ಹೆಚ್ಚಾಗಲಿಲ್ಲ. ಎಷ್ಟು ಬೇಕು ಅನ್ನುವುದು ಮೊದಲ ಸಲ ಸರಿಯಾಗಿ ಗೊತ್ತಾಗಿ ಮಾಡುವ ಅಳತೆಯೇ ಸರಿಹೋಯಿತು.

ನಾವು ಹೀಗೆ ಶುರು ಮಾಡಿದಾಗ ಅಜ್ಜಿಗೆ ಎಂಬತ್ತು ದಾಟಿತ್ತು. ಕಣ್ಣು ಮಂಜಾಗಿತ್ತು. ಒಂದು ಸಂಜೆ ನಾನು ಮುದ್ದೆ ತೊಳಸುವಾಗ ಒಲೆಯ ಹತ್ತಿರ ಬಂದು ಕೂತಳು. "ಇವತ್ತು ಏನು ಕೊಡಲಿ ಅಜ್ಜಿ, ನಿಜ ಹೇಳು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮೊದಲನೇ ಮುದ್ದೆ ಕೊಡೇ. ಹಬೆ ಆಡ್ತಿರಬೇಕು" ಅಂದಳು. ಕೈ ಒದ್ದೆ ಮಾಡಿಕೊಂಡು ಮೊದಲನೆಯದನ್ನು ಕಟ್ಟಿ ಅವಳ ತಟ್ಟೆಗೆ ಇಟ್ಟೆ. ಬಸ್ಸಾರು ಸುರಿದು, ಕಾಳು ತೋಡಿ ಹಾಕಿದೆ. ಬಿಸಿ ತಾಳದೆ ಬೆರಳು ಹಿಂದಕ್ಕೆ ತೆಗೆದು, ಊದಿ, ಮತ್ತೆ ಮುರಿದಳು. ಪೂರ್ತಿ ಉಂಡಳು. ಸಾರು ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡಳು.